ಆಘಾತ ಮನಸ್ಸಿಗೆ, ಬಿಲ್ ಹೃದಯಕ್ಕೆ

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಇವತ್ತು ಹೇಳೋದು ಪ್ರಕಟವಾದ ಸಂಶೋಧನೆಗಳನ್ನ ಓದಿ ಅರ್ಥ ಮಾಡಿಕೊಂಡಿದ್ದು. ಇದನ್ನ ಕೇಳಿ ಯಾರೂ ಮಾತ್ರೆ ಬದಲಾಯಿಸಬೇಡಿ.

ಪ್ರಶ್ನೆ ಇಷ್ಟೇ. ಮನಸ್ಸಿಗೆ ಬಿದ್ದ ಒಂದು ದೊಡ್ಡ ಪೆಟ್ಟು, ವರ್ಷಗಳಾದ ಮೇಲೆ ಹೃದಯದ ಕಾಯಿಲೆಯಾಗಿ ಬರಬಹುದಾ?

ನಮ್ಮ ಭಾಷೆಗೆ ಇದು ಹೊಸ ವಿಷಯ ಅಲ್ಲ. 'ಎದೆ ಒಡೆದು ಹೋಯ್ತು' ಅಂತೀವಿ, 'ಎದೆ ಧಸಕ್ ಅಂತು' ಅಂತೀವಿ. ಆದ್ರೆ ಆಸ್ಪತ್ರೆಗೆ ಹೋದಾಗ ಮನಸ್ಸಿಗೆ ಒಂದು ಬಿಲ್ಡಿಂಗ್, ಹೃದಯಕ್ಕೆ ಇನ್ನೊಂದು. ಬೆಂಗಳೂರಲ್ಲೇ ನೋಡಿ, ನಿಮ್ಹಾನ್ಸ್‌ನಿಂದ ಜಯದೇವ ಆಸ್ಪತ್ರೆಗೆ ಕೆಲವೇ ಕಿಲೋಮೀಟರ್. ನಮ್ಮ ತಲೆಯಲ್ಲಿ ಮಾತ್ರ ಎರಡೂ ಬೇರೆ ಬೇರೆ ಊರು.

ವೈದ್ಯರಿಗೆ ಈ ಅನುಮಾನ ಬಂದು ನೂರೈವತ್ತು ವರ್ಷ ದಾಟಿದೆ. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಮೆಂಡೆಸ್ ಡ ಕೋಸ್ಟ ಅವರ ಹತ್ರ ವಿಚಿತ್ರ ರೋಗಿಗಳು ಬರ್ತಿದ್ರು. ಎಲ್ಲರೂ ಸೈನಿಕರು. ಎದೆ ಬಡಿತ ಜಾಸ್ತಿ, ಎದೆನೋವು, ಉಸಿರಾಟದ ತೊಂದರೆ, ಸುಸ್ತು. ಪರೀಕ್ಷೆ ಮಾಡಿದ್ರೆ ಬಹಳ ಜನರ ಹೃದಯದಲ್ಲಿ ದೋಷ ಕಾಣ್ತಿರಲಿಲ್ಲ. 1871ರಲ್ಲಿ ಅವರು ಇದರ ಬಗ್ಗೆ ಬರೆದ್ರು. ಮುಂದೆ ಜನ ಇದನ್ನ 'ಸೈನಿಕನ ಹೃದಯ' ಅಂತ ಕರೆದ್ರು. ಇದರಲ್ಲಿ ಒಂದಷ್ಟನ್ನ ನಾವು ಇವತ್ತು ಪಿಟಿಎಸ್‌ಡಿ ಅಂತೀವಿ, ಅಂದ್ರೆ ಆಘಾತದ ನಂತರ ಉಳಿದುಬಿಡೋ ಒತ್ತಡದ ಕಾಯಿಲೆ. ಆ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಇಲ್ಲಿ ಎರಡು ವಿಷಯ ಬೇರೆ ಮಾಡ್ಕೋಬೇಕು. ಒಂದು, ಆ ಕ್ಷಣದ ಆಘಾತ. 1994ರ ಜನವರಿ 17, ಬೆಳಗಿನ ಜಾವ ನಾಲ್ಕೂವರೆಗೆ ಲಾಸ್ ಏಂಜಲೀಸ್ ಹತ್ತಿರದ ನಾರ್ತ್‌ರಿಡ್ಜ್‌ನಲ್ಲಿ ಭೂಕಂಪ ಆಯ್ತು. ಅದಕ್ಕೆ ಹಿಂದಿನ ವಾರ ಆ ಕೌಂಟಿಯಲ್ಲಿ ಹೃದಯದ ಕಾಯಿಲೆಯಿಂದ ಹಠಾತ್ತಾಗಿ ಸತ್ತವರು ದಿನಕ್ಕೆ ಸರಾಸರಿ 4.6 ಜನ. ಆ ಒಂದು ದಿನ 24 ಜನ. ಅವರಲ್ಲಿ ಮೈಮುರಿಯೋ ಕೆಲಸ ಮಾಡ್ತಾ ಸತ್ತವರು ಮೂರೇ ಜನ.

ಎರಡನೆಯದು ನಿಧಾನದ್ದು. ಭೂಕಂಪ ನಿಂತಿರುತ್ತೆ, ಆದ್ರೆ ದೇಹದೊಳಗೆ ಅಲಾರಂ ನಿಂತಿರಲ್ಲ. ಪಿಟಿಎಸ್‌ಡಿ ಅಂದ್ರೆ ಇದೇ. ಇದಕ್ಕೆ ನನಗೆ ಬಹಳ ಗಟ್ಟಿ ಅನಿಸಿದ ಸಾಕ್ಷಿ ಅವಳಿಗಳದ್ದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ 281 ಅವಳಿ ಜೋಡಿಗಳನ್ನ ಎಮೊರಿ ವಿಶ್ವವಿದ್ಯಾಲಯದ ವಿಯೋಲಾ ವಕ್ಕರೀನೊ ಮತ್ತು ತಂಡ ಅಧ್ಯಯನ ಮಾಡ್ತು. 2013ರಲ್ಲಿ ಫಲಿತಾಂಶ ಬಂತು. ಪಿಟಿಎಸ್‌ಡಿ ಇದ್ದವರಲ್ಲಿ ಶೇ. 22.6ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಬಂದಿತ್ತು. ಇಲ್ಲದವರಲ್ಲಿ ಶೇ. 8.9. ಒಂದೇ ಮನೆ, ಒಂದೇ ತಾಯಿ ತಂದೆ, ಆದ್ರೆ ಒಬ್ಬರಿಗೆ ಪಿಟಿಎಸ್‌ಡಿ ಇದೆ, ಇನ್ನೊಬ್ಬರಿಗಿಲ್ಲ, ಇಂಥ ಜೋಡಿಗಳಲ್ಲೂ ವ್ಯತ್ಯಾಸ ಉಳೀತು. ಸಿಗರೇಟು, ಕುಡಿತ, ಖಿನ್ನತೆ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಉಳೀತು. 'ಅದು ಅವರ ವಂಶದಲ್ಲೇ ಇತ್ತು ಬಿಡಿ' ಅಂತ ತಳ್ಳಿಹಾಕೋಕೆ ಇಲ್ಲಿ ಜಾಗ ಬಹಳ ಕಡಿಮೆ.

ದೇಹದೊಳಗೆ ಏನಾಗುತ್ತೆ? ಅಪಾಯ ಕಂಡಾಗ ಅಡ್ರಿನಲಿನ್ ಏರುತ್ತೆ, ಬಿಪಿ ಏರುತ್ತೆ, ರಕ್ತ ಬೇಗ ಹೆಪ್ಪುಗಟ್ಟೋಕೆ ತಯಾರಾಗುತ್ತೆ. ಹುಲಿ ಎದುರು ಬಂದ್ರೆ ಇದು ಒಳ್ಳೇದೇ. ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ ಇದು ತುರ್ತು ಸಾಲ. ಒಂದು ಸಲ ತಗೊಂಡು ತೀರಿಸಿದ್ರೆ ತೊಂದರೆ ಇಲ್ಲ. ದಿನಾ ರಾತ್ರಿ ತಗೊಂಡ್ರೆ ಬಡ್ಡಿ ಬೆಳೆಯುತ್ತೆ, ಆ ಬಡ್ಡಿ ಕಟ್ಟೋದು ರಕ್ತನಾಳದ ಒಳಪದರ. 2017ರಲ್ಲಿ ಬಾಸ್ಟನ್ ಸಂಶೋಧಕರು 293 ಜನರ ಸ್ಕ್ಯಾನ್ ನೋಡಿದ್ರು. ಮೆದುಳಿನಲ್ಲಿ ಭಯವನ್ನ ನಿಭಾಯಿಸೋ ಅಮಿಗ್ಡಲಾ ಅನ್ನೋ ಭಾಗ ಯಾರಲ್ಲಿ ಹೆಚ್ಚು ಚುರುಕಾಗಿತ್ತೋ, ಅವರ ಅಸ್ಥಿಮಜ್ಜೆಯೂ ಚುರುಕಾಗಿತ್ತು, ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿತ್ತು, ಮುಂದೆ ಹೃದಯದ ತೊಂದರೆಯೂ ಹೆಚ್ಚು ಬಂತು. ಇದರ ಜೊತೆಗೆ ನಿದ್ದೆ ಇಲ್ಲ, ಬೀಡಿ, ಎಣ್ಣೆ. ಎಲ್ಲ ಸೇರಿ ಒಂದೇ ಖಾತೆಗೆ.

ನಾನು ಇದನ್ನೆಲ್ಲ ಓದೋಕೆ ಶುರು ಮಾಡಿದ್ದು ನನ್ನ ಸೋದರಮಾವನಿಂದ. ಲಾರಿ ಡ್ರೈವರ್. ಕೆಲವು ವರ್ಷದ ಹಿಂದೆ ರಾತ್ರಿ ಅಪಘಾತ ಆಗಿ, ಪಕ್ಕದಲ್ಲೇ ಕೂತಿದ್ದ ಕ್ಲೀನರ್ ಹುಡುಗ ತೀರಿಕೊಂಡ. ಮಾವನಿಗೆ ಒಂದು ತರಚು ಗಾಯನೂ ಇಲ್ಲ. 'ದೇವರು ದೊಡ್ಡೋನು' ಅಂದ್ರು ಎಲ್ಲರೂ. ಆಮೇಲೆ ಅವರು ಲೈಟ್ ಆರಿಸಿ ಮಲಗಿದ್ದೇ ಇಲ್ಲ. ಹಾರ್ನ್ ಕೇಳಿದ್ರೆ ಬೆಚ್ಚಿಬೀಳ್ತಾರೆ. ಬೀಡಿ ದುಪ್ಪಟ್ಟಾಯ್ತು. ಹೋದ ವರ್ಷ ಹಾರ್ಟ್ ಅಟ್ಯಾಕ್, ಸ್ಟೆಂಟ್. ಆಸ್ಪತ್ರೆಯಲ್ಲಿ ಶುಗರ್ ಕೇಳಿದ್ರು, ಬಿಪಿ ಕೇಳಿದ್ರು, ಬೀಡಿ ಕೇಳಿದ್ರು. ಆ ರಾತ್ರಿ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಪಘಾತದಿಂದಲೇ ಸ್ಟೆಂಟ್ ಬಂತು ಅಂತ ನಾನು ಹೇಳ್ತಿಲ್ಲ. ಅದೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಆಗಬೇಕಿತ್ತು ಅಂತಿದ್ದೀನಿ.

ಯಾಕಂದ್ರೆ ಈ ದಾರಿ ವಾಪಸ್ಸೂ ಬರುತ್ತೆ. ಹಾರ್ಟ್ ಅಟ್ಯಾಕ್ ಅನ್ನೋದೇ ಒಂದು ಆಘಾತ. 2012ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಅಂಥವರಲ್ಲಿ ಸುಮಾರು ಶೇ. 12ರಷ್ಟು ಜನರಿಗೆ ಪಿಟಿಎಸ್‌ಡಿ ಲಕ್ಷಣ ಕಂಡುಬಂತು. ಅವರಿಗೆ ಮತ್ತೆ ಹೃದಯದ ತೊಂದರೆ ಆಗೋ ಅಥವಾ ಸಾಯೋ ಅಪಾಯ ಸುಮಾರು ಎರಡು ಪಟ್ಟು. ಮಾತ್ರೆ ಡಬ್ಬಿ ನೋಡಿದ್ರೆ ಆ ದಿನ ನೆನಪಾಗುತ್ತೆ ಅಂತ ಮಾತ್ರೆನೇ ಬಿಡೋರಿದ್ದಾರೆ. ಮನೆಯವರು ಅದನ್ನ 'ಉಡಾಫೆ' ಅಂತಾರೆ. ಎಷ್ಟೋ ಸಲ ಅದು ಭಯ.

ಹಾಗಂತ ಆಘಾತ ಆದವರಿಗೆಲ್ಲ ಪಿಟಿಎಸ್‌ಡಿ ಬರಲ್ಲ. ಪಿಟಿಎಸ್‌ಡಿ ಇರೋರಿಗೆಲ್ಲ ಹಾರ್ಟ್ ಅಟ್ಯಾಕ್ ಆಗಲ್ಲ. ಆಗೋದು ಅಪಾಯ ಹೆಚ್ಚೋದು, ಬಿಪಿ ಥರ, ಸಿಗರೇಟಿನ ಥರ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲೇ ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಮಾನಸಿಕ, ಸಾಮಾಜಿಕ ಒತ್ತಡವನ್ನೂ ಸೇರಿಸಿತ್ತು.

ಹಾಗಾದ್ರೆ ಏನು ಮಾಡೋದು? ಎದೆನೋವು ಬಂದ್ರೆ 'ಟೆನ್ಷನ್, ಗ್ಯಾಸ್' ಅಂತ ಮನೆಯಲ್ಲೇ ತೀರ್ಪು ಕೊಡಬೇಡಿ. ಮೊದಲು ಇಸಿಜಿ, ಬೇಕಾದ್ರೆ 108. ಇಸಿಜಿ ಸರಿ ಇದ್ರೆ ಕಥೆ ಮುಗೀತು ಅಂತಲೂ ಅಲ್ಲ. ಅಪಘಾತ, ಹೊಡೆತ, ದೌರ್ಜನ್ಯ, ಕಣ್ಣೆದುರಿನ ಸಾವು, ಇಂಥದ್ದು ಏನಾದ್ರೂ ಆಗಿದ್ದು ನಿದ್ದೆ ಬರ್ತಿಲ್ಲ ಅಂದ್ರೆ, ಹೃದಯದ ಡಾಕ್ಟರ್‌ಗೂ ಅದನ್ನ ಹೇಳಿ. ಎರಡೇ ವಾಕ್ಯ ಸಾಕು. ಪಿಟಿಎಸ್‌ಡಿಗೆ ಮಾತಿನ ಚಿಕಿತ್ಸೆ ಇದೆ, ಔಷಧಿ ಇದೆ. ಅದು ಬಿಪಿ ಮಾತ್ರೆಗೆ ಬದಲಿ ಅಲ್ಲ, ಜೊತೆಗೆ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ರೆ ಟೆಲಿ ಮಾನಸ್, 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.

ನಿಮ್ಮ ಮನೇಲೂ ಲೈಟ್ ಆರಿಸದೆ ಮಲಗೋರು ಯಾರಾದ್ರೂ ಇದ್ರೆ, ಕರೆಂಟ್ ಬಿಲ್ ಬಗ್ಗೆ ಬೈಯೋ ಮುಂಚೆ ಒಂದು ಸಲ ಯಾಕೆ ಅಂತ ಕೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.