ಶುಗರ್ ನಾರ್ಮಲ್, ಆದ್ರೂ ತೀರದ ದಾಹ

ಮೊದಲೇ ಹೇಳ್ಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಈ ವಿಷಯ ಗೊತ್ತಿದ್ರೆ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ.

ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ರಕ್ತನಾಳಗಳ ಮೇಲೆ ತಿರುಗಿಬಿದ್ದು ಉರಿಯೂತ ತರೋ ಕಾಯಿಲೆಗೆ ವ್ಯಾಸ್ಕುಲೈಟಿಸ್ ಅಂತಾರೆ. ಅದರಲ್ಲಿ ಜಿಪಿಎ ಅನ್ನೋದು ಒಂದು ಬಗೆ. ಸಾಮಾನ್ಯವಾಗಿ ಮೂಗು, ಶ್ವಾಸಕೋಶ, ಕಿಡ್ನಿಗೆ ತೊಂದರೆ ಕೊಡುತ್ತೆ. ಸುಮಾರು 100 ರೋಗಿಗಳಲ್ಲಿ ಒಬ್ಬರಿಗೆ, ಮೆದುಳಿನ ಬುಡದಲ್ಲಿರೋ ಬಟಾಣಿ ಕಾಳಿನಷ್ಟು ಪುಟ್ಟ ಪಿಟ್ಯುಟರಿ ಗ್ರಂಥಿಗೂ ತಗಲುತ್ತೆ.

ಆಗ ಏನಾಗುತ್ತೆ? ನೀರನ್ನ ಉಳಿಸ್ಕೋ ಅಂತ ಕಿಡ್ನಿಗೆ ಹೇಳೋ ವ್ಯಾಸೊಪ್ರೆಸಿನ್ ಹಾರ್ಮೋನು ಕಡಿಮೆಯಾಗುತ್ತೆ. ರಾತ್ರಿಯೆಲ್ಲ ಮೂತ್ರಕ್ಕೆ ಏಳ್ಬೇಕು, ಎಷ್ಟು ಕುಡಿದ್ರೂ ದಾಹ ತೀರಲ್ಲ. ಕೆಲವರಿಗೆ ಮುಟ್ಟು ನಿಲ್ಲುತ್ತೆ, ವಿಪರೀತ ಸುಸ್ತು. ಇದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಅಂತಿದ್ರು. ಸಕ್ಕರೆ ಕಾಯಿಲೆ ಜೊತೆ ಗೊಂದಲ ಆಗ್ಬಾರ್ದು ಅಂತ 2022ರಲ್ಲಿ ತಜ್ಞರು ಹೊಸ ಹೆಸರು ಸೂಚಿಸಿದ್ರು.

ನಾವು ಎಡವೋದೂ ಅಲ್ಲೇ. ಈ ರೋಗಿಗಳು ಸ್ಟೀರಾಯ್ಡ್ ತಗೊಳ್ತಿರ್ತಾರೆ, ಅದರಿಂದ ಶುಗರ್ ಏರಬಹುದು, ಆಗ್ಲೂ ಇದೇ ಲಕ್ಷಣ. ‘ಶುಗರ್ ಇರ್ಬೇಕು’ ಅಂತ ಮನೆಯಲ್ಲೇ ತೀರ್ಮಾನ ಆಗ್ಬಿಡುತ್ತೆ. ರಿಪೋರ್ಟ್ ನಾರ್ಮಲ್ ಬಂದ್ರೆ ಅಲ್ಲಿಗೇ ಬಿಡಬೇಡಿ. ‘ಪಿಟ್ಯುಟರಿ ನೋಡಿಸ್ಬೇಕಾ ಡಾಕ್ಟ್ರೇ?’ ಅಂತ ಕೇಳಿ. ಸೋಡಿಯಂ, ಮೂತ್ರ, ಹಾರ್ಮೋನು ಟೆಸ್ಟ್, ಎಂಆರ್‌ಐನಲ್ಲಿ ಗೊತ್ತಾಗುತ್ತೆ.

ದಾಹಕ್ಕೆ ಡೆಸ್ಮೊಪ್ರೆಸಿನ್ ಅನ್ನೋ ಔಷಧಿ ಇದೆ. ಆದ್ರೆ ಉರಿಯೂತ ಇಳಿದ್ರೂ ಹಾರ್ಮೋನು ಅನೇಕರಿಗೆ ಮರಳಿ ಬರಲ್ಲ, ಮಾತ್ರೆ ಮುಂದುವರಿಸ್ಬೇಕಾಗುತ್ತೆ.

ಕೊನೇದಾಗಿ ಎರಡು ಮಾತು: ಮೂತ್ರ ಜಾಸ್ತಿ ಅಂತ ನೀರು ಕುಡಿಯೋದು ನಿಲ್ಲಿಸಬೇಡಿ. ಸ್ಟೀರಾಯ್ಡನ್ನೂ ನೀವಾಗೇ ಬಿಡಬೇಡಿ.