ಸಣ್ಣ ಗ್ಯಾಸ್ ಸಿಲಿಂಡರ್: ಮುಗಿದ ಮೇಲೆ ಏನು ಮಾಡಬೇಕು?

(ಚಂದಾಪುರದಲ್ಲಿ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳು)



ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ನನಗೆ ಹತ್ತು ನಿಮಿಷ ಕೊಡ್ರಿ ಅಂತ ಕೇಳಿಕೊಂಡಿದ್ದೆ. ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡಬೇಕಾಗಿದೆ. ಹೈದರಾಬಾದಿಗೋ, ಪುಣೆಗೋ, ಮುಂಬೈಗೋ ದುಡಿಯಲು ಹೋದವರು ಊರಿಗೆ ಬರುವಾಗ ಹಾಸಿಗೆ, ಪಾತ್ರೆಗಳ ಜೊತೆಗೆ ಗೋಣಿಚೀಲದಲ್ಲಿ ಸುತ್ತಿ ತರುತ್ತಾರಲ್ಲ, ತಲೆಯ ಮೇಲೆಯೇ ಬರ್ನರ್ ಕೂಡಿಸುವ ಸಣ್ಣ ಸಿಲಿಂಡರ್, ಅದೇ. ಯಾರ ಮನೆಯಲ್ಲಿ ಅದ, ಕೈ ಎತ್ತರಿ ಅಂದೆ, ಬಹಳ ಕೈ ಮೇಲೆ ಬಂದವು. ಗ್ಯಾಸ್ ಮುಗಿದ ಮೇಲೆ ಅದನ್ನು ಏನು ಮಾಡಿದಿರಿ ಅಂದೆ. ಎಲ್ಲರೂ ಸುಮ್ಮನಾದಿರಿ.

ಮೊದಲು ನನ್ನ ತಪ್ಪು ಹೇಳುತ್ತೇನೆ. ನಮ್ಮ ಧರ್ಮದಲ್ಲಿ ಪಾಪನಿವೇದನೆ ಅಂತ ಇದೆ, ಅದನ್ನು ಗುರುಗಳ ಮುಂದೆ ಮಾಡುತ್ತೇವೆ. ಇದನ್ನು ಮಾತ್ರ ನಿಮ್ಮ ಮುಂದೆಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ತಾಂಡಾಕ್ಕೆ ಮನೆ ಭೇಟಿಗೆ ಹೋಗಿದ್ದೆ. ಮಕ್ಕಳು ಮಲಗುವ ಮಂಚದ ಕೆಳಗೆ ಇಂಥದೊಂದು ಸಿಲಿಂಡರ್ ಇತ್ತು. "ಸಿಸ್ಟರ್, ಇದು ಆರು ತಿಂಗಳಿಂದ ಹಿಂಗೇ ಬಿದ್ದದ, ಖಾಲಿ ಅದ, ಏನ್ ಮಾಡ್ಲಿ?" ಅಂತ ಆ ತಾಯಿ ಕೇಳಿದಳು. ನಾನು ಒಂದು ಗಳಿಗೆಯೂ ಯೋಚಿಸದೆ, "ಗುಜರಿಯವನಿಗೆ ಹಾಕಿಬಿಡವ್ವ, ನಾಲ್ಕು ರೂಪಾಯಿ ಬರ್ತದ" ಅಂದೆ. ಆಕೆ ನನ್ನ ಮಾತು ನಂಬಿ ಹಾಗೇ ಮಾಡಿದಳು. ಗುಜರಿ ಅಂಗಡಿಯ ಹುಡುಗ ಅದರ ತಲೆಯ ಹಿತ್ತಾಳೆ ಬಿಚ್ಚಲು ಸುತ್ತಿಗೆಯಿಂದ ಹೊಡೆದ. ಒಳಗೆ ಉಳಿದಿದ್ದ ಗ್ಯಾಸ್ ಬುಸ್ ಅಂತ ಹೊರಗೆ ಬಂತು. ಹತ್ತಿರದಲ್ಲೇ ಚಹಾದ ಒಲೆ ಉರಿಯುತ್ತಿತ್ತು. ಎರಡೂ ಕೈ ಮೊಣಕೈವರೆಗೆ ಸುಟ್ಟವು. ಆಸ್ಪತ್ರೆಗೆ ನೋಡಲು ಹೋದಾಗ ಅವನು, "ಬರೇ ಕಬ್ಬಿಣ ಅಂದ್ಕೊಂಡಿದ್ದೆ ಸಿಸ್ಟರ್" ಅಂದ. ಹದಿನಾರು ವರ್ಷದ ಹುಡುಗ ಆ ಅಂಗಡಿಯಲ್ಲಿ ಇರಬಾರದಾಗಿತ್ತು, ಅದು ಬೇರೆ ಮಾತು. ಆದರೆ ಆ ಸಿಲಿಂಡರ್ ಅವನ ಕೈಗೆ ಹೋದದ್ದು ನನ್ನ ಮಾತಿನಿಂದ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳಿಗೆ ಇಷ್ಟು ತಿಳಿದಿರಲಿಲ್ಲ. ಆಮೇಲೆ ಗ್ಯಾಸ್ ಮೆಕ್ಯಾನಿಕ್ ಒಬ್ಬರ ಹತ್ತಿರ ಕುಳಿತು ಕೇಳಿ ಕಲಿತೆ. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ಸಿಲಿಂಡರಿನೊಳಗೆ ಇರುವುದು ಪ್ರೊಪೇನ್, ಬ್ಯುಟೇನ್ ಎಂಬ ಅನಿಲಗಳು. ಒತ್ತಿ ತುಂಬಿದ್ದರಿಂದ ನೀರಿನ ಹಾಗೆ ದ್ರವವಾಗಿರುತ್ತವೆ. ಒಂದು ಲೋಟ ದ್ರವ ಹೊರಗೆ ಬಂದರೆ ಇನ್ನೂರೈವತ್ತು ಲೋಟದಷ್ಟು ಅನಿಲವಾಗುತ್ತದೆ. ಈ ಅನಿಲ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಮೂಲೆಯಲ್ಲಿ, ತಗ್ಗಿನಲ್ಲಿ, ಮಂಚದ ಕೆಳಗೆ ನಿಲ್ಲುತ್ತದೆ. ಅದಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದ್ದು ನಮಗೆ ಗೊತ್ತಾಗಲಿ ಅಂತ ಕಂಪನಿಯವರೇ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಒಲೆ ಆರಿತು ಅಂದರೆ ಒಳಗಿನ ಒತ್ತಡ ಕಡಿಮೆಯಾಯಿತು ಅಂತ ಅಷ್ಟೇ ಅರ್ಥ. ಅನಿಲ ಒಳಗೆ ಉಳಿದೇ ಇರುತ್ತದೆ. ಅಂಥದನ್ನು ಕೊಯ್ದರೆ, ತೂತು ಮಾಡಿದರೆ, ಹೊರಗಿನ ಗಾಳಿ ಒಳಗೆ ಹೋಗಿ ಬೆರೆಯುತ್ತದೆ. ಆಗ ಒಂದು ಕಿಡಿ ಸಾಕು. ಹಳೆಯ ಸಿಲಿಂಡರನ್ನು ಅರ್ಧಕ್ಕೆ ಕೊಯ್ದು ಕಟ್ಟಿಗೆ ಒಲೆ ಮಾಡೋಣ ಅನ್ನುವ ಗಂಡಸರು ಇದ್ದರೆ ದಯವಿಟ್ಟು ಬ್ಯಾಡ ಅನ್ನರಿ.

ಇನ್ನು ಯಾವುದನ್ನು ಏನು ಮಾಡುವುದು? ಮೊದಲು ಅದು ಯಾರದು ಅಂತ ನೋಡರಿ. ಕಂಪನಿಯ 5 ಕಿಲೋ ಸಿಲಿಂಡರ್ ಆದರೆ ಚಿಂತೆ ಕಡಿಮೆ. ಸರ್ಕಾರಿ ತೈಲ ಕಂಪನಿಗಳು 2013ರಿಂದ ಇದನ್ನು ಪೆಟ್ರೋಲ್ ಬಂಕುಗಳಲ್ಲಿ ಮಾರಲು ಶುರು ಮಾಡಿದವು. ಇಂಡಿಯನ್ ಆಯಿಲ್‌ನವರು 2020ರಲ್ಲಿ ಅದಕ್ಕೆ ಛೋಟು ಅಂತ ಹೆಸರಿಟ್ಟರು. ಗುರುತಿನ ಚೀಟಿ ಇದ್ದರೆ ಸಾಕು, ವಿಳಾಸದ ಕಾಗದ ಬೇಕಿಲ್ಲ. ಬೇಡವಾದಾಗ ಮಾರಿದವರಿಗೇ ತಿರುಗಿ ಕೊಟ್ಟರೆ ನಿಯಮದಂತೆ ಒಂದಿಷ್ಟು ಹಣವೂ ಬರುತ್ತದೆ. ರಸೀದಿ ಕಳೆಯಬೇಡಿರಿ. ಹಿಡಿಕೆಯ ಪಟ್ಟಿಯ ಒಳಬದಿಗೆ ಎ, ಬಿ, ಸಿ, ಡಿ ಅಂತ ಒಂದು ಇಂಗ್ಲಿಷ್ ಅಕ್ಷರವೂ ಒಂದು ಅಂಕಿಯೂ ಇರುತ್ತವೆ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ 28 ಅಂತ ಇದ್ದರೆ 2028ರ ಜೂನ್ ಮುಗಿಯುವುದರೊಳಗೆ ಮತ್ತೆ ಪರೀಕ್ಷೆ ಆಗಬೇಕು. ದಿನ ದಾಟಿದ್ದನ್ನು ತೆಗೆದುಕೊಳ್ಳಬೇಡಿರಿ. ಓದು ಬರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸರಿ.

ಕಷ್ಟ ಇರುವುದು ಹೆಸರಿಲ್ಲದ ಸಿಲಿಂಡರಿನದು. ಪೇಟೆಯಲ್ಲಿ ಯಾವ ಕಾಗದವೂ ಇಲ್ಲದೆ ಸಿಗುತ್ತದೆ, ಕಿಲೋ ಲೆಕ್ಕದಲ್ಲಿ ತುಂಬಿಕೊಡುತ್ತಾರೆ. ಕಟ್ಟಡದ ಕೆಲಸಕ್ಕೆ ಹೋದವರು ಶೆಡ್ಡಿನಲ್ಲಿದ್ದು ಸಂಜೆ ರೊಟ್ಟಿ ಬಡಿಯಬೇಕು, ಇನ್ನೇನು ಮಾಡ್ಯಾರು? ನಿಮ್ಮನ್ನು ಬೈಯಲು ನಾನು ಬಂದಿಲ್ಲ. ಆದರೆ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಹಾಗೆ ತುಂಬುವುದು ಅಪರಾಧ, ಅಪಾಯವೂ ಹೌದು. ಕಂಪನಿಯವರು ತುಂಬುವಾಗ ಬಿಸಿಲಿಗೆ ದ್ರವ ಹಿಗ್ಗಲೆಂದು ಮೇಲೆ ಜಾಗ ಬಿಡುತ್ತಾರೆ. ಅಂಗಡಿಯವನು ಅಂದಾಜಿನ ಮೇಲೆ ಕಂಠಮಟ ತುಂಬುತ್ತಾನೆ. ನಮ್ಮ ಕಡೆಯ ಬ್ಯಾಸಿಗೆ ನಿಮಗೆ ಗೊತ್ತೇ ಇದೆ. ತಗಡಿನ ಮನೆಯಲ್ಲಿ ಹಾಗೆ ತುಂಬಿದ್ದನ್ನು ಇಟ್ಟರೆ ಹಿಗ್ಗಲು ಜಾಗ ಎಲ್ಲಿದೆ?

ಇಂಥದು ಮನೆಯಲ್ಲಿದ್ದರೆ ಇವತ್ತೇ ಸಂಜೆ ಮಂಚದ ಕೆಳಗಿನಿಂದ ತೆಗೆಯಿರಿ. ಕಿವಿ ಪೂರ್ತಿ ತಿರುಗಿಸಿ ಬಂದ್ ಮಾಡಿ, ಸೋಪಿನ ನೀರು ಹಚ್ಚಿ ನೋಡರಿ. ಗುಳ್ಳೆ ಬಂದರೆ ಸೋರುತ್ತಿದೆ ಅಂತ. ಕಡ್ಡಿ ಗೀರಿ ನೋಡುವ ಚಟ ಕೆಲವರಿಗಿದೆ, ಅದು ಬ್ಯಾಡವೇ ಬ್ಯಾಡ. ಹೊರಗೆ ನೆರಳಿನಲ್ಲಿ, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ ನೆಟ್ಟಗೆ ನಿಲ್ಲಿಸರಿ. ಉಳಿದ ಗ್ಯಾಸನ್ನು ನೀವೇ ಹೊರಗೆ ಬಿಡಲು ಹೋಗಬೇಡಿರಿ. ಬಾವಿಗೆ, ಹಳ್ಳಕ್ಕೆ, ತಿಪ್ಪೆಗೆ ಹಾಕಬೇಡಿರಿ. ಕಸದ ಜೊತೆ ಸುಡುವುದಂತೂ ಬಾಂಬಿಗೆ ಬೆಂಕಿ ಹಚ್ಚಿದ ಹಾಗೆ. ಸೋರುತ್ತಿದ್ದರೆ ಹತ್ತಿರದ ಒಲೆ ಆರಿಸಿ, ಲೈಟಿನ ಸ್ವಿಚ್ ಮುಟ್ಟದೆ, ಜನರನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡರಿ. ಕಂಪನಿ ಸಿಲಿಂಡರ್ ಸೋರಿದರೆ 1906 ಅಂತ ಬೇರೆ ನಂಬರೇ ಇದೆ.

ಇನ್ನೊಂದು ಜಾತಿಯದು ತೆಳು ತಗಡಿನ ಡಬ್ಬಿ. ನೋಡಲು ಸೊಳ್ಳೆ ಔಷಧಿ ಡಬ್ಬಿಯಂತೆ ಇರುತ್ತದೆ. ಕಾಡಿನಲ್ಲಿ ಡೇರೆ ಹಾಕಿ ಚಹಾ ಕಾಯಿಸುವವರು ಅದನ್ನು ಒಯ್ಯುತ್ತಾರೆ. ಗೊಟ್ಟಂಗೊಟ್ಟಿ, ಚಂದ್ರಂಪಳ್ಳಿ ಕಡೆ ದನ ಮೇಯಿಸುವ ಮಕ್ಕಳಿಗೆ ಸಿಕ್ಕರೆ ಒದ್ದು ಆಡದಿರಲಿ, ಬೆಂಕಿಗೆ ಎಸೆಯದಿರಲಿ. ಆ ಡಬ್ಬಿಯನ್ನು ಮತ್ತೆ ತುಂಬುವಂತಿಲ್ಲ. ಬಳಸಿದವರು ಅದರದೇ ಒಲೆಯಲ್ಲಿ ಪೂರ್ತಿ ಉರಿಸಿ ಮುಗಿಸಬೇಕು. ಆಮೇಲೆ ತೂತು ಮಾಡದೆ, ಪುರಸಭೆಯ ಕಸದ ಗಾಡಿಯವರಿಗೆ "ಇದು ಗ್ಯಾಸಿನ ಡಬ್ಬಿ" ಅಂತ ಬಾಯಿಬಿಟ್ಟು ಹೇಳಿ ಬೇರೆಯಾಗಿ ಕೊಡಬೇಕು. ಹೇಳದೆ ಚೀಲದಲ್ಲಿ ಮುಚ್ಚಿಟ್ಟರೆ ಆ ಕಸದ ಕೆಲಸದವನಿಗೆ ನನ್ನ ಗುಜರಿ ಹುಡುಗನ ಗತಿಯೇ.

ರೈಲಿನ ಮಾತೂ ಹೇಳಬೇಕು. ಸೇಡಂನಲ್ಲೋ ತಾಂಡೂರಿನಲ್ಲೋ ರೈಲು ಹತ್ತುವಾಗ ಸಿಲಿಂಡರ್ ಖಾಲಿ ಅದ ಅಂತ ಸೀಟಿನ ಕೆಳಗೆ ತಳ್ಳುತ್ತೀರಿ. 2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಬೆಳಗಿನ ಚಹಾಕ್ಕೆಂದು ಯಾರೋ ಕದ್ದು ಒಯ್ದಿದ್ದ ಸಿಲಿಂಡರ್ ಅದಕ್ಕೆ ಕಾರಣ. ಅವರೂ ಉತ್ತರ ಪ್ರದೇಶದಿಂದ ದೇವರ ದರ್ಶನಕ್ಕೆ ಬಂದಿದ್ದ ನಮ್ಮಂಥವರೇ. ರೈಲ್ವೆ ಕಾನೂನಿನಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಆದ್ದರಿಂದ ಊರಿಗೆ ಹೊರಡುವ ಮೊದಲೇ, ಕೊಂಡ ಅಂಗಡಿಯಲ್ಲಿಯೇ ತಿರುಗಿ ಕೊಟ್ಟು ಬರ್ರಿ. ಹತ್ತು ರೂಪಾಯಿ ಕಡಿಮೆ ಕೊಟ್ಟರೂ ಕೊಡಲಿ.

ಇನ್ನು ಮುಂದೆ ಹೋಗುವವರಿಗೆ ಒಂದು ವಿಷಯ. 2021ರ ಆಗಸ್ಟಿನಲ್ಲಿ ಉಜ್ವಲಾ ಯೋಜನೆಯ ಎರಡನೇ ಹಂತ ಬಂದಾಗ, ವಲಸೆ ಹೋದ ಕುಟುಂಬಕ್ಕೆ ರೇಷನ್ ಕಾರ್ಡಾಗಲಿ ವಿಳಾಸದ ಪುರಾವೆಯಾಗಲಿ ಬೇಡ, ಸ್ವಯಂ ಘೋಷಣೆ ಬರೆದುಕೊಟ್ಟರೆ ಸಾಕು ಅಂತ ಮಾಡಿದರು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ಅಂತ ಹೊರಡುವ ಮೊದಲು ಏಜೆನ್ಸಿಯಲ್ಲಿ ಕೇಳರಿ. ಇಲ್ಲವಾದರೆ ಕಂಪನಿಯ 5 ಕಿಲೋದ್ದನ್ನೇ ಕೊಳ್ಳರಿ. ಮೊದಲು ದುಡ್ಡು ಸ್ವಲ್ಪ ಹೆಚ್ಚು ಬೀಳುತ್ತದೆ. ಬೇಕಾದರೆ ಸಂಘದ ಸಾಲ ಇದಕ್ಕೂ ಕೊಡಬಹುದು, ಠರಾವು ಮಾಡೋಣ.

ಹೆಸರಿಲ್ಲದ ಹಳೆಯ ಸಿಲಿಂಡರುಗಳನ್ನು ಒಬ್ಬೊಬ್ಬರೇ ತೆಗೆದುಕೊಂಡು ಹೋದರೆ ಯಾವ ಏಜೆನ್ಸಿಯೂ ಮುಟ್ಟುವುದಿಲ್ಲ. ಅದಕ್ಕೆ ನಾವು ಸಂಘಗಳೆಲ್ಲ ಕೂಡಿ ಅಗ್ನಿಶಾಮಕ ಠಾಣೆಗೂ ತಹಸೀಲ್ದಾರ್ ಕಚೇರಿಯ ಆಹಾರ ಶಾಖೆಗೂ ಒಂದೇ ಅರ್ಜಿ ಕೊಡೋಣ. ಎಷ್ಟು ಸಿಲಿಂಡರ್, ಯಾವ ತಾಂಡಾದಲ್ಲಿ, ಅಷ್ಟು ಬರೆದು, ಒಂದು ದಿನ ಗೊತ್ತು ಮಾಡಿ ಬಂದು ಒಯ್ಯಿರಿ ಅಂತ ಕೇಳೋಣ. ಮನೆಯಲ್ಲಿ ಇರುವವರು ಇವತ್ತು ಹೋಗುವ ಮೊದಲು ನಿಮ್ಮ ಸಂಘದ ಕಾರ್ಯದರ್ಶಿಯ ಹತ್ತಿರ ಹೆಸರು ಬರೆಸರಿ. ಸಿಲಿಂಡರನ್ನು ಮಾತ್ರ ಮುಂದಿನ ಸಭೆಗೆ ಹೊತ್ತುಕೊಂಡು ಬರಬೇಡಿರಿ, ಹೆಸರು ಸಾಕು.