ಬೇಲಿಯಲ್ಲಿ ತಂಗಿದ ಪ್ರವಾಸಿ



ವಸಂತದ ಪಕ್ಷಿಯೆಂದೊಡನೆ ನಮಗೆ ನೆನಪಾಗುವುದು ಕೋಗಿಲೆ. ಅದೇನೋ ವರ್ಷವೆಲ್ಲ ಇಲ್ಲಿಯದೇ. ಇದೇ ಋತುವಿನಲ್ಲಿ ನಮ್ಮನ್ನು ಬಿಟ್ಟು ಉತ್ತರಕ್ಕೆ ಹೊರಡುವ ಹಾಡುಹಕ್ಕಿಗಳ ವಿಚಾರವನ್ನು ಈ ದಿನ ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ಚೈತ್ರದ ಒಂದು ಭಾನುವಾರ ಬೆಳಗ್ಗೆ ಮೂವರು ವಿದ್ಯಾರ್ಥಿಗಳೊಡನೆ ತುಮಕೂರು ರಸ್ತೆಯ ಮಾದನಾಯಕನಹಳ್ಳಿಗೆ ಹೋಗಿದ್ದೆವು. 2024ರ ನವೆಂಬರಿನಿಂದ ಮೆಟ್ರೋ ರೈಲು ಮಾದಾವರದವರೆಗೆ ಓಡುತ್ತಿರುವುದರಿಂದ ಪ್ರಯಾಣ ಸುಲಭ. ಒಂದು ಕಡೆ ಗೋದಾಮಿನ ಗೋಡೆ, ಇನ್ನೊಂದು ಕಡೆ ಲಾರಿಗಳ ಸಾಲು. ನಡುವೆ ಹೂಬಿಟ್ಟ ಎರಡು ಹೊಂಗೆಮರ, ಉದ್ದಕ್ಕೂ ಲಂಟಾನದ ಬೇಲಿ. "ಇಲ್ಲೇನು ಹಕ್ಕಿ ಸಾರ್?" ಎಂದು ಒಬ್ಬ ವಿದ್ಯಾರ್ಥಿ ನಕ್ಕನು. ನಕ್ಕದ್ದು ತಪ್ಪಲ್ಲ. ಅರ್ಧ ಗಂಟೆ ನಿಂತರೂ ನಮಗೇನೂ ಕಾಣಲಿಲ್ಲ.

ಆಮೇಲೆ ಬೇಲಿಯೊಳಗಿಂದ, ಎರಡು ಬೆಣಚುಕಲ್ಲುಗಳನ್ನು ತಾಕಿಸಿದಂತೆ, "ಟಕ್, ಟಕ್" ಎಂಬ ಸದ್ದು ಕೇಳಿಸಿತು. ಬ್ಲೈತನ ಉಲಿಯಕ್ಕಿ! ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತರು ಇದನ್ನು 1849ರಲ್ಲಿ ವಿದ್ವಾಂಸರಿಗೆ ಪರಿಚಯಿಸಿದರು. ಒಣಗಿದೆಲೆಯ ಬಣ್ಣ, ಹತ್ತು ಹನ್ನೆರಡು ಗ್ರಾಂ ತೂಕ. ಕಣ್ಣಿಗಿಂತ ಕಿವಿಗೆ ಸಿಕ್ಕುವ ಹಕ್ಕಿಯಿದು. ಇದು ಗೂಡು ಕಟ್ಟುವುದು ಫಿನ್‌ಲೆಂಡಿನಿಂದ ಮಧ್ಯ ಏಷ್ಯದವರೆಗಿನ ಸೀಮೆಯಲ್ಲಿ. ಇಲ್ಲಿಂದ ಫಿನ್‌ಲೆಂಡಿಗೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಾರಾಟವೆಲ್ಲ ಬಹುಮಟ್ಟಿಗೆ ರಾತ್ರಿಯ ಹೊತ್ತು. ಹೊರಡುವ ಮುನ್ನ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಎದುರಿನ ಲಾರಿಗೆ ಡೀಸೆಲ್ಲು ಬಂಕಿನಲ್ಲಿ ದೊರೆತರೆ, ಇದಕ್ಕೆ ದೊರೆಯುವುದು ಈ ಬೇಲಿಯ ಹುಳುಹುಪ್ಪಟೆಗಳಲ್ಲಿ.

ಅಷ್ಟರಲ್ಲಿ ಹೊಂಗೆಯ ಮೇಲಿನಿಂದ "ಚೀವೀ" ಎಂದಿತು ಇನ್ನೊಂದು, ಹಸಿರುಬಣ್ಣದ ಎಲೆ ಉಲಿಯಕ್ಕಿ. ಇದರ ಜಾತಿಯವು ಚಳಿಗಾಲವೆಲ್ಲ ತಮ್ಮ ತಮ್ಮ ಎಲ್ಲೆಯನ್ನು ಹಿಡಿದು, ಸ್ವಜಾತಿಯವನ್ನೇ ಓಡಿಸುತ್ತವೆ. ಕಾಲಿಗೆ ಉಂಗುರ ತೊಡಿಸಿ ಬಿಟ್ಟವರು ಕಂಡಂತೆ, ಬದುಕುಳಿದವುಗಳಲ್ಲಿ ಹಲವು ಮರುವರ್ಷ ಹಿಂದಿನ ಎಲ್ಲೆಗೇ ಮರಳುತ್ತವೆ. ಇಂಥ ಪಟ್ಟಾದಾರಿಕೆಗೆ ಯಾವ ಕಚೇರಿಯಲ್ಲೂ ದಾಖಲೆಯಿಲ್ಲ.

ಬಿಸಿಲೇರಿದಾಗ ಬೇಲಿಯ ಕೊನೆಯವರೆಗೂ ನಡೆದೆವು. ಅಲ್ಲಿ ಜೇಸಿಬಿ ಯಂತ್ರವು ಹತ್ತಾರು ಮಾರು ಬೇಲಿಯನ್ನು ಅದಾಗಲೇ ಕಿತ್ತು ಗುಡ್ಡೆಹಾಕಿತ್ತು. ಉಳಿದುದರ ಉದ್ದಕ್ಕೂ ಸುಣ್ಣದ ಗುರುತು. ಲಂಟಾನವು ಪರದೇಶದ ಕಳೆ, ಅದನ್ನು ಕೀಳಿಸುವುದರಲ್ಲಿ ನ್ಯಾಯವಿದೆಯೆಂದು ನಾವೇ ತರಗತಿಯಲ್ಲಿ ಹೇಳಿದ್ದುಂಟು. ಅದರ ಸ್ಥಳದಲ್ಲಿ ನಮ್ಮ ನಾಡಿನ ಬೇರೆ ಪೊದೆಯನ್ನು ನೆಡಬೇಕೆಂಬುದನ್ನು ಹೇಳಿದ ನೆನಪಿಲ್ಲ.

ಬೆಳಗ್ಗೆ ನಕ್ಕಿದ್ದ ಹುಡುಗನು, "ಬರುವ ಚಳಿಗಾಲಕ್ಕೆ ಇದು ಎಲ್ಲಿಗೆ ಬರುತ್ತದೆ ಸಾರ್?" ಎಂದು ಕೇಳಿದನು.

"ಇಲ್ಲಿಗೇ" ಎಂದೆವು.